ಪಿಗ್ಮಿ ಮಿಡತೆ ನೋಡೋಕೆ ಹ್ಯಾಂಡ್ ಲೆನ್ಸ್: 10ಎಕ್ಸ್ ಸಾಕು, 30ಎಕ್ಸ್ ಬೇಡ

ಮೊದಲೇ ಹೇಳಿಬಿಡುತ್ತೇನೆ. ಪಿಗ್ಮಿ ಮಿಡತೆಗಳ ಮೇಲೆ ಆಸಕ್ತಿ ಇದ್ದರೆ ಕ್ಯಾಮೆರಾಗೆ ದುಡ್ಡು ಹಾಕುವ ಮೊದಲು ಒಂದು ಒಳ್ಳೆಯ 10ಎಕ್ಸ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ) ಟ್ರಿಪ್ಲೆಟ್ ಲೆನ್ಸ್ ತಗೊಳ್ಳಿ. ಅಕ್ಕಸಾಲಿಗರು ಕಣ್ಣಿಗೆ ಹಿಡಿದು ಹರಳು ನೋಡುತ್ತಾರಲ್ಲ, ಅದೇ ಲೂಪ್. ನನ್ನದು ಸ್ಟೀಲ್ ಕವಚದ್ದು, ಗಾಜು 21 ಮಿ.ಮೀ. ಅಗಲ, ಮಡಚಿ ಜೇಬಿಗೆ ಹಾಕಬಹುದು. ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ.

ಈ ಮಿಡತೆಗಳನ್ನು ನೀವೂ ನೋಡಿರುತ್ತೀರಿ, ಗಮನಿಸಿರುವುದಿಲ್ಲ ಅಷ್ಟೆ. ತೋಟದ ಬಸಿಗಾಲುವೆ ಪಕ್ಕ, ಹಳ್ಳದ ದಂಡೆಯಲ್ಲಿ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟ ಕೂಡಲೇ ಮಣ್ಣಿನ ಚೂರು ಸಿಡಿದ ಹಾಗೆ ಏನೋ ಹಾರಿ ಇನ್ನೊಂದು ಕಡೆ ಕೂರುತ್ತದೆ. ಹೆಚ್ಚಿನವು ಎರಡು ಸೆಂ.ಮೀ. ಕೂಡ ಇರಲ್ಲ. ದೊಡ್ಡ ಮಿಡತೆಯ ಮರಿ ಇರಬೇಕು ಅಂತ ಬಿಟ್ಟುಬಿಡುತ್ತೇವೆ. ಆದರೆ ಇವುಗಳದ್ದೇ ಬೇರೆ ಕುಟುಂಬ, ಟೆಟ್ರಿಜಿಡೆ ಅಂತ. ಸುಮಾರು 2000 ಪ್ರಭೇದಗಳಿಗೆ ಹೆಸರಿಟ್ಟಾಗಿದೆ. ಪಾಚಿ, ಹಾವಸೆ, ಕೊಳೆತ ಎಲೆ ತಿಂದುಕೊಂಡು ಬದುಕುತ್ತವೆ. ಹಾಡುವುದಿಲ್ಲ, ಕೇಳಿಸಿಕೊಳ್ಳೋಕೆ ಕಿವಿಯೂ ಇಲ್ಲ.

ಲೆನ್ಸ್ ಹಿಡಿದರೆ ಮೊದಲು ಕಣ್ಣಿಗೆ ಬೀಳುವುದು ಬೆನ್ನು. ಮಾಮೂಲಿ ಮಿಡತೆಗೆ ಕತ್ತಿನ ಹಿಂದಿನ ಗಟ್ಟಿ ಕವಚ ಚಿಕ್ಕದಾಗಿ ಅಲ್ಲಿಗೇ ನಿಲ್ಲುತ್ತದೆ. ಪಿಗ್ಮಿ ಮಿಡತೆಗೆ ಅದೇ ಕವಚ ಹಿಂದಕ್ಕೆ ಚೂಪಾಗಿ ಬೆಳೆದು ಹೊಟ್ಟೆಯನ್ನು ಮುಚ್ಚುತ್ತದೆ, ಕೆಲವಕ್ಕೆ ಹೊಟ್ಟೆ ದಾಟಿಯೂ ಹೋಗುತ್ತದೆ. ಪಕ್ಕಕ್ಕೆ ತಿರುಗಿಸಿದರೆ ಮುಂದಿನ ರೆಕ್ಕೆ ಸುಮ್ನೆ ಒಂದು ಪುಟ್ಟ ಹುರುಪೆಯಷ್ಟು ಇರುತ್ತದೆ. ಹಾರುವಂಥವಾದರೆ ನಿಜವಾದ ರೆಕ್ಕೆ ಆ ಕವಚದ ಕೆಳಗೆ ಮಡಚಿಕೊಂಡಿರುತ್ತದೆ.

ಇಷ್ಟು ಫೋನಲ್ಲೂ ಕಾಣುತ್ತದೆ ಅನ್ನಬಹುದು. ಸರಿ. ಯಾವ ಪ್ರಭೇದ ಅಂತ ಕೇಳಿದಾಗ ಕಷ್ಟ ಶುರುವಾಗುತ್ತದೆ. ಬಣ್ಣ ನಂಬೋ ಹಾಗಿಲ್ಲ. ಒಂದೇ ಪ್ರಭೇದದಲ್ಲಿ ಕಂದು, ಬೂದಿ, ಕಪ್ಪು, ಬೆನ್ನಿಗೆ ಬಿಳಿ ಗೆರೆ, ಎರಡು ಕರಿ ಚುಕ್ಕೆ, ಹೀಗೆ ಎಲ್ಲಾ ಥರ ಇರುತ್ತವೆ. ಕವಚದ ಉದ್ದವೂ ಅಷ್ಟೇ, ಎಷ್ಟೋ ಪ್ರಭೇದಗಳಲ್ಲಿ ಉದ್ದ ಕವಚದವೂ ಗಿಡ್ಡ ಕವಚದವೂ ಒಂದೇ ಜಾಗದಲ್ಲಿ ಸಿಗುತ್ತವೆ. ಸ್ಪೇನಿನ ಕೀಟತಜ್ಞ ಇಗ್ನಾಸಿಯೊ ಬೊಲಿವಾರ್ 1887ರಲ್ಲಿ ಈ ಗುಂಪಿನ ಮೇಲೆ ದೊಡ್ಡ ಪ್ರಬಂಧ ಬರೆದರು, 1904ರಲ್ಲಿ ಅಮೆರಿಕದ ಹ್ಯಾನ್‌ಕಾಕ್ ಸಿಲೋನಿನ ಪಿಗ್ಮಿ ಮಿಡತೆಗಳ ಬಗ್ಗೆ ಬರೆದರು. ಆಗಿನವರ ಕೈಯಲ್ಲಿ ಇದ್ದಿದ್ದು ಹೆಚ್ಚಾಗಿ ದೂರದಿಂದ ಬಂದ ಒಣಗಿದ ಮಾದರಿಗಳು. ಒಂದೇ ಹುಳಕ್ಕೆ ಎರಡು ಮೂರು ಹೆಸರು ಬಿದ್ದಿರುವ ಗೋಜಲನ್ನು ಈಗಿನವರು ಇನ್ನೂ ಬಿಡಿಸುತ್ತಲೇ ಇದ್ದಾರೆ.

ಹಾಗಾಗಿ ಮುಖ ನೋಡಬೇಕು. 10ಎಕ್ಸ್ ಲೆನ್ಸಿನ ಬೆಲೆ ಗೊತ್ತಾಗುವುದೇ ಇಲ್ಲಿ. ಎರಡು ಕಣ್ಣುಗಳ ನಡುವಿನ ನೆತ್ತಿ ಒಂದು ಕಣ್ಣಿಗಿಂತ ಅಗಲವೋ ಕಿರಿದೋ? ಮುಖದ ನಡುವೆ ಇಳಿಯುವ ಏಣು ಎಲ್ಲಿ ಕವಲಾಗುತ್ತದೆ? ಮೀಸೆ ಹುಟ್ಟುವ ಗುಳಿ ಕಣ್ಣಿನ ಕೆಳಗಿದೆಯೋ, ಕಣ್ಣಿನ ಮಟ್ಟದಲ್ಲೇ ಇದೆಯೋ? ಆಮೇಲೆ ಕವಚದ ಪಕ್ಕದ ಮಡಿಕೆ ನೋಡಿ. ಕ್ರಿಯೊಟೆಟ್ಟಿಕ್ಸ್, ಯೂಕ್ರಿಯೊಟೆಟ್ಟಿಕ್ಸ್ ಕುಲದವಕ್ಕೆ (ಕುಲ ಅಂದರೆ ಹತ್ತಿರದ ಪ್ರಭೇದಗಳ ಗುಂಪು) ಅಲ್ಲಿ ಹೊರಕ್ಕೆ ಚಾಚಿದ ಮುಳ್ಳು ಇರುತ್ತದೆ, ಹೆಡೊಟೆಟ್ಟಿಕ್ಸಿಗೆ ಇರಲ್ಲ. ಸೆಲಿಮೆನ ಕುಲದ್ದು ಸಿಕ್ಕಿದರೆ ಹಿಂಗಾಲು ಬಿಡಬೇಡಿ. ಮೊಣಕಾಲಿನಿಂದ ಕೆಳಗೆ ಅಂಚು ಚಪ್ಪಟೆಯಾಗಿ ಅಗಲವಾಗಿರುತ್ತದೆ, ನೀರಿಗೆ ಬಿದ್ದರೆ ಅದರಿಂದಲೇ ಈಜುತ್ತದೆ. ಆ ಅಂಚನ್ನು ಲೆನ್ಸಲ್ಲಿ ನೋಡುವ ಖುಷಿಯೇ ಬೇರೆ.

ಇನ್ನು 30ಎಕ್ಸ್ ಅಂತ ಬರೆದು ಮಾರುವ ಅಗ್ಗದ ಲೆನ್ಸ್. ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ್ದೆ, ಹೆಸರು ಬೇಡ. ಅಂಚಿನಲ್ಲೆಲ್ಲ ನೇರಳೆ ಬಣ್ಣ ಒಡೆಯುತ್ತದೆ, ನಡುವೆ ಕಾಳಷ್ಟು ಜಾಗ ಮಾತ್ರ ಸ್ಪಷ್ಟ. ಬರೆದಷ್ಟು ದೊಡ್ಡದಾಗಿ ಕಾಣೋದೂ ಇಲ್ಲ. ನಿಜವಾಗಿ 30ಎಕ್ಸ್ ಇದ್ದರೂ ಹೊಲದಲ್ಲಿ ಉಪಯೋಗ ಇಲ್ಲ, ಯಾಕಂದರೆ ಶಕ್ತಿ ಜಾಸ್ತಿಯಾದಷ್ಟೂ ಹುಳಕ್ಕೂ ಗಾಜಿಗೂ ನಡುವಿನ ಜಾಗ ಕಮ್ಮಿಯಾಗುತ್ತದೆ. 10ಎಕ್ಸಲ್ಲಿ ಸುಮಾರು ಎರಡೂವರೆ ಸೆಂ.ಮೀ. ಸಿಗುತ್ತದೆ, 20ಎಕ್ಸಲ್ಲಿ ಅದರ ಅರ್ಧ. 30ಎಕ್ಸಲ್ಲಿ ಹುಳವೇ ಗಾಜಿಗೆ ತಾಗುವಷ್ಟು ಹತ್ತಿರ ಬರಬೇಕು, ಬೆಳಕೂ ಅಡ್ಡವಾಗುತ್ತದೆ. ಟ್ರಿಪ್ಲೆಟ್ ಅಂದರೆ ಮೂರು ಗಾಜು ಸೇರಿಸಿ ಅಂಟಿಸಿರುವುದು, ಬಣ್ಣ ಒಡೆಯೋದು ಅದರಿಂದಲೇ ನಿಲ್ಲುತ್ತದೆ. ಕೊಳ್ಳುವಾಗ ಗ್ರಾಫ್ ಹಾಳೆಯ ಮೇಲಿಟ್ಟು ನೋಡಿ, ಅಂಚಿನ ಗೆರೆಗಳು ಬಾಗಿದರೆ ವಾಪಸ್ ಕೊಡಿ.

ಬಳಸುವ ರೀತಿಯೂ ಮುಖ್ಯ. ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಹುಳವನ್ನೇ ಹತ್ತಿರ ತನ್ನಿ. ಮಿಡತೆಯನ್ನು ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಒಂದು ಒದ್ದೆ ಹತ್ತಿ ಚೂರು ಇಡಿ, ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಮರಿಯಾದರೆ ಹೆಸರು ಹುಡುಕೋಕೆ ಹೋಗಬೇಡಿ, ಕವಚ ಇನ್ನೂ ಬೆಳೆದಿರಲ್ಲ. ನೋಡಿ ಆದಮೇಲೆ ಸಿಕ್ಕಿದ ಜಾಗಕ್ಕೇ ಬಿಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಹಿಡಿಯುವ ಹಾಗಿಲ್ಲ.

ಲೆನ್ಸಲ್ಲಿ ನೋಡಿದ್ದನ್ನು ಹೋಲಿಸಿ ನೋಡೋಕೆ ಆರ್ಥಾಪ್ಟೆರಾ ಸ್ಪೀಷೀಸ್ ಫೈಲ್ ಅನ್ನುವ ಮಿಡತೆ ಜಾತಿಗಳ ವೆಬ್‌ಸೈಟ್ ಇದೆ, ಪುಕ್ಕಟೆ. ಹೆಸರು ಹಾಕಿದರೆ ಹಳೆ ಹೆಸರುಗಳು, ಯಾರು ಯಾವಾಗ ಬದಲಾಯಿಸಿದರು ಅನ್ನೋದು, ಎಷ್ಟೋ ಕಡೆ ಮೂಲ ಮಾದರಿಯ (ಮೊದಲು ಹೆಸರಿಟ್ಟಾಗ ಆಧಾರವಾಗಿದ್ದ ಹುಳದ) ಫೋಟೋ ಕೂಡ ಸಿಗುತ್ತದೆ. ಮುಖ, ಪಕ್ಕ, ಬೆನ್ನು ಮೂರೂ ಕಾಣುವ ಹಾಗೆ ಫೋಟೋ ತೆಗೆದು ಜನ ತಾವು ಕಂಡ ಜೀವಿಗಳ ಫೋಟೋ ಹಂಚುವ ಐನ್ಯಾಚುರಲಿಸ್ಟ್ ವೆಬ್‌ಸೈಟಿಗೂ ಹಾಕಿ. ಇದು ಸಣ್ಣ ಕೆಲಸ ಅಲ್ಲ. 2020ರಲ್ಲಿ ಕ್ರೊಯೇಷಿಯಾದ ಯೋಸಿಪ್ ಸ್ಕೆಯೊ ಮತ್ತು ಜೊತೆಗಾರರು ಆಸ್ಟ್ರೇಲಿಯಾದ ಅಪರೂಪದ ಪಿಗ್ಮಿ ಮಿಡತೆಗಳ ಬಗ್ಗೆ ಬರೆದಾಗ ಜನ ಆನ್‌ಲೈನಲ್ಲಿ ಹಾಕಿದ್ದ ಫೋಟೋಗಳೇ ದೊಡ್ಡ ಆಧಾರವಾದವು. ಅದೇ ವರ್ಷ ಕೇರಳದಿಂದ ಟೆಟ್ಟಿಲೋಬಸ್ ತ್ರಿಶೂಲ ಅನ್ನುವ ಹೊಸ ಪ್ರಭೇದ ದಾಖಲಾಯಿತು. ನಮ್ಮ ಘಟ್ಟದ ಹಳ್ಳಗಳ ಪಕ್ಕ ಬಗ್ಗಿ ನೋಡುವವರು ಇನ್ನೂ ಜಾಸ್ತಿ ಆಗಬೇಕು ಅಂತ ನನಗೆ ತುಂಬಾ ಆಸೆ. ಹೊಸದು ಅನ್ನಿಸಿದರೆ ಫೋಟೋ ಒಂದೇ ಸಾಲದು, ತಜ್ಞರು ಮಾದರಿಯನ್ನು ಸಂಗ್ರಹಾಲಯದಲ್ಲಿ ಇಟ್ಟು ವಿವರಿಸಬೇಕಾಗುತ್ತದೆ, ಅದನ್ನು ಅವರಿಗೇ ಬಿಡಿ.

ಲೆನ್ಸ್ ಜೋಪಾನ ಮಾಡುವ ಬಗ್ಗೆ ಒಂದು ಮಾತು. ಮಲೆನಾಡಿನ ಮಳೆಯಲ್ಲಿ ಗಾಜಿಗೆ ಬೂಸ್ಟು ಹಿಡಿಯುತ್ತದೆ. ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಕೆಂಪೋ ಹಳದಿಯೋ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಸ್ಟೀಲ್ ಬಣ್ಣದ್ದು ಹಳ್ಳದ ಕಲ್ಲುಗಳ ನಡುವೆ ಬಿದ್ದರೆ ಹುಡುಕೋದು ಕಷ್ಟ.