ಶೆಲ್ಬರ್ನಾ, ಸ್ಯಾಂಡ್‌ವಿಚ್ಚಾ? ಅಪ್ಪ ಅವ್ವನ ಜೊತೆ ಎರಡೂ ನೋಡಿದ್ವಿ

ಬಾಸ್ಟನ್‌ಗೆ ಊರಿಂದ ಅಪ್ಪ ಅವ್ವ ಬಂದ್ರೆ ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ಯೋಚಿಸ್ತಿರೋರಿಗೆ ಇದು. ಈ ಸಲ ನಾವು ಎರಡು ಮ್ಯೂಸಿಯಂ ನೋಡಿದ್ವಿ, ಕೇಪ್ ಕಾಡ್‌ನ ಸ್ಯಾಂಡ್‌ವಿಚ್ ಅನ್ನೋ ಊರಲ್ಲಿರೋ ಹೆರಿಟೇಜ್ ಮ್ಯೂಸಿಯಮ್ಸ್ ಆಂಡ್ ಗಾರ್ಡನ್ಸ್ ಮತ್ತೆ ವರ್ಮಾಂಟ್‌ನ ಶೆಲ್ಬರ್ನ್ ಮ್ಯೂಸಿಯಂ, ಎರಡರಲ್ಲೂ ಕಲೆನೂ ಇದೆ, ಹಳೇ ಅಮೆರಿಕದ ಜನ ಬಳಸಿದ ಸಾಮಾನೂ ಇದೆ.

ಕೈಲಿ ಒಂದೇ ಮಧ್ಯಾಹ್ನ ಇದ್ರೆ ಸ್ಯಾಂಡ್‌ವಿಚ್‌ಗೇ ಹೋಗಿ. ಟ್ರಾಫಿಕ್ ಇಲ್ಲ ಅಂದ್ರೆ ಒಂದೂಕಾಲು ಗಂಟೆ ದಾರಿ. 1969ರಲ್ಲಿ ಜೋಸಾಯ ಲಿಲ್ಲಿ ತಮ್ಮ ತಂದೆ ನೆನಪಿಗೆ ಶುರು ಮಾಡಿದ ಜಾಗ ಇದು. ಶೇಕರ್ ಅನ್ನೋ ಕ್ರೈಸ್ತ ಪಂಥದ ಜನರ ಕಲ್ಲಿನ ದುಂಡು ಕೊಟ್ಟಿಗೆ ತರಾನೇ ಕಟ್ಟಿದ ಬಿಲ್ಡಿಂಗ್ ತುಂಬ ಹಳೇ ಕಾರುಗಳು, ಅದರಲ್ಲಿ ಹಾಲಿವುಡ್ ನಟ ಗ್ಯಾರಿ ಕೂಪರ್ ಓಡಿಸ್ತಿದ್ದ ಡ್ಯೂಸೆನ್‌ಬರ್ಗ್ ಕಾರಿನ ಮುಂದಿಂದ ಅಪ್ಪ ಕದಲಲೇ ಇಲ್ಲ. 1908ರ ಮರದ ಕುದುರೆ ಕ್ಯಾರಸೆಲ್ ಮೇಲೆ ಮಕ್ಕಳು ಕೂರಬಹುದು. ಜೂನ್ ಶುರುವಲ್ಲಿ ಹೋದ್ರೆ ರೋಡೋಡೆಂಡ್ರಾನ್ ಹೂವು ಬೋನಸ್ಸು.

ಆದ್ರೆ ನನ್ನ ಓಟು ಶೆಲ್ಬರ್ನ್‌ಗೆ. ದೂರ ಹೌದು, ನಾಲ್ಕು ಗಂಟೆ ಹತ್ರ ಡ್ರೈವ್, ರಾತ್ರಿ ಬರ್ಲಿಂಗ್ಟನ್‌ನಲ್ಲಿ ಉಳ್ಕೊಂಡ್ವಿ. ಇದನ್ನ 1947ರಲ್ಲಿ ಕಟ್ಟಿದ್ದು ಎಲೆಕ್ಟ್ರಾ ವೆಬ್ ಅನ್ನೋ ಹೆಣ್ಮಗಳು, ಸಕ್ಕರೆ ವ್ಯಾಪಾರದ ದೊಡ್ಡ ಶ್ರೀಮಂತರ ಮನೆತನ, ತಾಯಿ ಫ್ರಾನ್ಸ್‌ನ ಚಿತ್ರಕಾರರಾದ ಮೋನೆ, ದೆಗಾ ಅವರ ಚಿತ್ರ ಕೊಂಡು ಕೂಡಿಸಿದೋರು, ಮಗಳಿಗೆ ಮಾತ್ರ ಹಳ್ಳಿಗರು ಕೆತ್ತಿದ ಮರದ ಬಾತುಕೋಳಿ, ಅಂಗಡಿ ಬೋರ್ಡು, ಗಾಳಿ ದಿಕ್ಕು ತೋರಿಸೋ ಕೋಳಿ, ಇವುಗಳ ಹುಚ್ಚು. ತಾಯಿಗೆ ಅದು ಸ್ವಲ್ಪಾನೂ ಹಿಡಿಸ್ತಿರಲಿಲ್ಲವಂತೆ. ಈಗ ಎರಡೂ ಒಂದೇ ಕ್ಯಾಂಪಸ್‌ನಲ್ಲಿವೆ, ಮೋನೆ ನೋಡಿ ಹೊರಗೆ ಬಂದು ಹುಲ್ಲಿನ ಮೇಲೆ ಸ್ವಲ್ಪ ನಡೆದ್ರೆ ಟಿಕಾಂಡರೋಗಾ, 220 ಅಡಿ ಉದ್ದದ ಸ್ಟೀಮರ್! 1906ರಲ್ಲಿ ಕಟ್ಟಿದ್ದು, ಶಾಂಪ್ಲೇನ್ ಸರೋವರದಲ್ಲಿ ಓಡಾಡ್ತಿತ್ತು, 1955ರಲ್ಲಿ ನೆಲದ ಮೇಲೆ ಹಳಿ ಹಾಕಿ ಎರಡು ಮೈಲಿ ಎಳ್ಕೊಂಡು ಬಂದಿದ್ದಾರೆ. ಅದರ ಡೆಕ್ ಮೇಲೆ ನಿಂತು ಸುತ್ತಲೂ ಹುಲ್ಲು ನೋಡೋವಾಗ ಮೈ ಜುಮ್ ಅನ್ನುತ್ತೆ.

ಅವ್ವಂಗೆ ಮಾತ್ರ ಹಡಗೂ ಬೇಡ ಮೋನೆನೂ ಬೇಡ, ಕ್ವಿಲ್ಟ್, ಅಂದ್ರೆ ಪದರ ಹಾಕಿ ಹೊಲಿದ ಹೊದಿಕೆಗಳ ಗ್ಯಾಲರಿ ಸಿಕ್ಕಿದ್ದೇ ಮುಕ್ಕಾಲು ಗಂಟೆ ಅಲ್ಲೇ. ನಮ್ಮ ಧಾರವಾಡದ ಮನೇಲಿ ಅಜ್ಜಿ ಹಳೇ ಸೀರೆ, ಧೋತ್ರ ಪದರ ಪದರ ಹಾಕಿ ಕೌದಿ ಹೊಲೀತಿದ್ರು, ಅವ್ವಾನೂ ಪಕ್ಕದಲ್ಲಿ ಕೂತು ಕಲ್ತಿದ್ದು. "ಇವರು ನಡುವ ಹತ್ತಿ ತುಂಬ್ಯಾರ, ನಾವು ಸೀರಿ ಹಾಕ್ತೀವಿ, ಅಷ್ಟ ಫರಕ್" ಅಂತ ನನಗೆ ಹೊಲಿಗೆ ತೋರಿಸ್ತಾ ಹೋದ್ಲು, ಆಮೇಲೆ ಸುಮ್ಮನಾಗಿ, ನಿಮ್ಮಜ್ಜಿ ಕೌದಿ ಅಟ್ಟದ ಮ್ಯಾಲ ಗಂಟು ಕಟ್ಟಿಟ್ಟೀನಿ, ಹೋದಕೂಡ್ಲೆ ಇಳಸಬೇಕು ಅಂದ್ಲು.