ಮೌಂಟಿಂಗ್ ಸ್ಟಡ್ ತುಂಡಾದರೆ: ವೆಲ್ಡಿಂಗ್ ನಟ್ಟು, ಈಜಿ ಔಟ್, ಹೆಲಿಕಾಯಿಲ್ – ಯಾವುದು ಎಲ್ಲಿಗೆ?

ಇಂಜಿನ್ನನ್ನು ಚಾಸಿಗೆ ಹಿಡಿಸುವ ಮೌಂಟಿಂಗ್ ಕೂಡಿಸುವಾಗ ಸ್ಟಡ್ (ತಲೆಯಿಲ್ಲದ, ಥ್ರೆಡ್ ಇರುವ ಸರಳು) ತುಂಡಾಯಿತು ಅಂದರೆ ಬಹುತೇಕರ ಕೈ ಮೊದಲು ಹೋಗುವುದು ಈಜಿ ಔಟ್ ಸೆಟ್ಟಿಗೆ, ಅಂದರೆ ತುಂಡಿನಲ್ಲಿ ಕೊರೆದ ರಂಧ್ರಕ್ಕೆ ಕಚ್ಚಿಸಿ ಹಿಂದಕ್ಕೆ ತಿರುಗಿಸುವ ಸಾಧನಕ್ಕೆ. ಕಲಬುರಗಿಯ ಟೂಲ್ಸ್ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುತ್ತದೆ, ಬೆಲೆಯೂ ಕಡಿಮೆ. ಆದರೆ ಇಲ್ಲಿ ಹೋಲಿಸಿದ ದಾರಿಗಳಲ್ಲಿ ನಾವು ಅದಕ್ಕೆ ಕೊಡುವುದು ಕೊನೆಯ ಸ್ಥಾನ.

ಯಾವ ದಾರಿ ಹಿಡಿಯಬೇಕು ಅನ್ನುವುದನ್ನು ನಿರ್ಧರಿಸುವುದು ಮುಖ್ಯವಾಗಿ ಒಂದು ಪ್ರಶ್ನೆ: ಸ್ಟಡ್ ಬಿಚ್ಚುವಾಗ ಮುರಿಯಿತೋ, ಬಿಗಿಯುವಾಗ ಮುರಿಯಿತೋ? ಬಿಗಿಯುವಾಗ ಮುರಿದಿದ್ದರೆ ಕಾರಣ ಹೆಚ್ಚಾಗಿ ಅತಿಯಾದ ಬಲ. ಇಂಪ್ಯಾಕ್ಟ್ ಗನ್ ಹಿಡಿದಿರುತ್ತಾರೆ, ಇಲ್ಲವೇ ಇಂಜಿನ್ ಸರಿಯಾದ ಮಟ್ಟಕ್ಕೆ ಬಂದಿಲ್ಲದಿದ್ದರೂ ನಟ್ಟಿನಿಂದಲೇ ಎಳೆದು ಕೂಡಿಸಲು ಹೋಗಿರುತ್ತಾರೆ. ಮುರಿದ ಕ್ಷಣಕ್ಕೆ ಎಳೆತ ಹೋಗುವುದರಿಂದ ಒಳಗೆ ಉಳಿದ ತುಂಡು ಸಡಿಲವಾಗಿಯೇ ಇರುತ್ತದೆ. ಬಿಚ್ಚುವಾಗ ಮುರಿದಿದ್ದರೆ ಕತೆ ಬೇರೆ. ಅಲ್ಯೂಮಿನಿಯಂ ರಂಧ್ರದಲ್ಲಿ ಉಕ್ಕಿನ ಸ್ಟಡ್ ತುಕ್ಕು ಹಿಡಿದು ಕಚ್ಚಿಕೊಂಡಿದೆ, ಅಥವಾ ಕೆಂಪು ಥ್ರೆಡ್‌ಲಾಕರ್ (ಥ್ರೆಡ್ ಬಿಚ್ಚದಂತೆ ಹಿಡಿಯುವ ಅಂಟು) ಹಾಕಿದ್ದಾರೆ. ನಮ್ಮ ಕಡೆ ಸೇಡಂ, ವಾಡಿ ರಸ್ತೆಯ ಸಿಮೆಂಟ್ ಧೂಳು ಸ್ಟಡ್ ಬುಡಕ್ಕೆ ಕೂತಿರುತ್ತದೆ. ಮಳೆಗಾಲದ ಎರೆಮಣ್ಣು ಅದರ ಮೇಲೆ ಅಂಟಿ ವಾರಗಟ್ಟಲೆ ತೇವ ಹಿಡಿದಿಡುತ್ತದೆ.

ಸ್ಟಡ್ ಎಲ್ಲಿದೆ ಅನ್ನುವುದನ್ನೂ ನೋಡಿ. ರಬ್ಬರ್ ಮೌಂಟಿಂಗಿನದೇ ಸ್ಟಡ್ ಮುರಿದಿದ್ದರೆ ರಿಪೇರಿಗೆ ಕೈಹಾಕಬೇಡಿ, ಮೌಂಟಿಂಗನ್ನೇ ಬದಲಿಸಿ. ಇಂಜಿನ್ ಬ್ರ್ಯಾಕೆಟ್ಟಿನಲ್ಲಿದ್ದರೆ ಬ್ರ್ಯಾಕೆಟ್ ಬಿಚ್ಚಿ ಟೇಬಲ್ ಮೇಲೆ, ವೈಸ್‌ನಲ್ಲಿ ಹಿಡಿದು ಮಾಡಿ. ಟೈಮಿಂಗ್ ಕಡೆಯ ಮೌಂಟಿಂಗಿಗೂ ಚಾಸಿಗೂ ನಡುವಿನ ಸಂದಿಯಲ್ಲಿ ಡ್ರಿಲ್ ನೇರ ಹಿಡಿಯಲು ಆಗುವುದಿಲ್ಲ. ಬ್ಲಾಕಿನಲ್ಲೇ ಮುರಿದಿದ್ದರೆ ಮಾತ್ರ ಗಾಡಿಯಲ್ಲೇ ಮಾಡಬೇಕು. ಆಗ ಇಂಜಿನ್ನನ್ನು ಮೇಲಿಂದ ಸಪೋರ್ಟ್ ಬಾರಿನಲ್ಲಿ ತೂಗು ಹಾಕುವುದು ಲೇಸು. ಕೆಳಗಿಂದ ಜಾಕ್ ಕೊಡುವುದಾದರೆ ಅಗಲವಾದ ಹಲಗೆ ಇಡಿ. ತಗಡಿನ ಆಯಿಲ್ ಸಂಪ್ ತಗ್ಗಿದರೆ ಒಳಗಿನ ಆಯಿಲ್ ಪಿಕಪ್ಪಿಗೆ ತಾಗುತ್ತದೆ.

ತುಂಡು ಹೊರಗೆ ಚಾಚಿದ್ದರೆ

10 ಮಿಮೀಗಿಂತ ಹೆಚ್ಚು ಹೊರಗಿದ್ದು ಥ್ರೆಡ್ ಚೆನ್ನಾಗಿದ್ದರೆ ಎರಡು ತೆಳು ನಟ್ಟು ಹಾಕಿ, ಒಂದಕ್ಕೊಂದು ಬಿಗಿದು, ಕೆಳಗಿನ ನಟ್ಟಿಗೆ ಪಾನಾ ಹಾಕಿ ಬಿಚ್ಚಿ. ಥ್ರೆಡ್ ಕೆಟ್ಟಿದ್ದರೆ ವೈಸ್ ಗ್ರಿಪ್ (ಹಿಡಿದಲ್ಲೇ ಲಾಕ್ ಆಗುವ ಇಕ್ಕಳ). ಸಡಿಲ ತುಂಡಿಗೆ ಇಷ್ಟೇ ಸಾಕು. ಕಚ್ಚಿದ ತುಂಡಿಗೆ ವೈಸ್ ಗ್ರಿಪ್ ಎರಡು ಸಲ ಜಾರಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ಒತ್ತಿದರೆ ಚಾಚಿದ ಭಾಗವೂ ಉದುರಿ, ಇದ್ದ ಹಿಡಿಕೆಯೂ ಹೋಗುತ್ತದೆ.

ನಟ್ಟು ವೆಲ್ಡ್ ಮಾಡುವುದು

ಕಚ್ಚಿಕೊಂಡ ಸ್ಟಡ್ಡಿಗೆ ನಮ್ಮ ಮೊದಲ ಆಯ್ಕೆ ಇದೇ. ಇದರಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಹಿಡಿಯಲು ಹೊಸ ತಲೆ ಸಿಗುತ್ತದೆ, ವೆಲ್ಡಿನ ಕಾವು ತುಕ್ಕಿನ ಹಿಡಿತವನ್ನೂ ಒಡೆಯುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. 10 ಮಿಮೀ ರಂಧ್ರವನ್ನು 130 ಡಿಗ್ರಿ ಏರಿಸಿದರೆ ಸಿಗುವ ಸಡಿಲ ಸುಮಾರು 0.014 ಮಿಮೀ. ಸ್ವಲ್ಪವೇ, ಆದರೆ ಅಷ್ಟು ಬೇಕೇ ಬೇಕು. ಮೇ ತಿಂಗಳ ಬಿಸಿಲಲ್ಲಿ ಗಾಡಿ ನಿಲ್ಲಿಸಿದರೆ ಸಾಕು ಅನ್ನುವವರಿದ್ದಾರೆ. ಕಲಬುರಗಿ ಬಿಸಿಲು ಎಷ್ಟೇ ಜೋರಿದ್ದರೂ ಈ ಕೆಲಸಕ್ಕೆ ಸಾಲದು.

ಎಂ10 (ಥ್ರೆಡ್ಡಿನ ಹೊರವ್ಯಾಸ 10 ಮಿಮೀ) ಸ್ಟಡ್ಡಿಗೆ ಎಂ10 ಅಥವಾ ಎಂ12 ನಟ್ಟು. ಸತುವಿನ ಲೇಪವಿದ್ದರೆ ಮೊದಲು ಉಜ್ಜಿ ತೆಗೆಯಿರಿ, ಅದರ ಹೊಗೆ ಕೆಟ್ಟದ್ದು, ವೆಲ್ಡಿನಲ್ಲೂ ತೂತು ಬೀಳುತ್ತವೆ. ತುಂಡು ಮಟ್ಟಸವಾಗಿ ಮುರಿದಿದ್ದರೆ ಮೊದಲು ಒಂದು ವಾಷರ್ ಇಟ್ಟು ಅದರ ರಂಧ್ರದೊಳಗೆ ವೆಲ್ಡ್ ತುಂಬಿ, ಆಮೇಲೆ ಅದರ ಮೇಲೆ ನಟ್ಟು ಕೂಡಿಸಿ. ಸುತ್ತಲಿನ ಅಲ್ಯೂಮಿನಿಯಂಗೆ ಉಕ್ಕಿನ ವೆಲ್ಡ್ ಹಿಡಿಯುವುದಿಲ್ಲ, ಅದು ಅನುಕೂಲವೇ. ಸಿಒಟು ವೆಲ್ಡಿಂಗ್ (ತಂತಿ ತಾನೇ ಬರುವ ಯಂತ್ರ) ಇದ್ದರೆ ಸಲೀಸು. ಆರ್ಕ್ ಆದರೆ 2.5 ಮಿಮೀ ರಾಡ್, ಒಳಗಿನ ಸ್ಲ್ಯಾಗ್ ತೆಗೆಯುತ್ತ ಹೋಗಬೇಕು. ಕೆಂಪು ಹೋಗುವವರೆಗೆ ಬಿಡಿ, ನೀರು ಸುರಿಯಬೇಡಿ. ಬಿಸಿ ಇರುವಾಗಲೇ ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಆಡಿಸಿ. ನಟ್ಟು ಕಿತ್ತು ಬಂದರೆ ಮತ್ತೆ ಹಾಕಿ, ಎರಡು ಮೂರು ಸಲ ಕಿತ್ತು ಬರುವುದು ಮಾಮೂಲು. ಪ್ರತಿ ಸಲದ ಕಾವೂ ಕೆಲಸ ಮಾಡುತ್ತಿರುತ್ತದೆ.

ಗಾಡಿಯಲ್ಲೇ ವೆಲ್ಡ್ ಮಾಡುವುದಾದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಇಸಿಯು (ಇಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಮತ್ತು ಆಲ್ಟರ್ನೇಟರ್ ಕನೆಕ್ಟರ್ ತೆಗೆಯಿರಿ, ಅರ್ಥಿಂಗ್ ಕ್ಲ್ಯಾಂಪನ್ನು ಸ್ಟಡ್ಡಿನ ಪಕ್ಕದಲ್ಲೇ ಹಿಡಿಸಿ. ಡೀಸೆಲ್, ಡಬ್ಲ್ಯೂಡಿ-40 ಹೊಡೆದಿದ್ದರೆ ಪೂರ್ತಿ ಒರೆಸಿ. ಇಂಧನ ಪೈಪಾಗಲಿ ಎಸಿ ಪೈಪಾಗಲಿ ತೀರ ಹತ್ತಿರವಿದ್ದರೆ ಅಲ್ಲಿ ಈ ವಿಧಾನ ಬೇಡ. ಒದ್ದೆ ಗೋಣಿ ವೈರಿಂಗನ್ನು ಕಿಡಿಯಿಂದ ಕಾಯುತ್ತದೆ, ಗ್ಯಾಸ್ ತುಂಬಿದ ಪೈಪನ್ನು ಕಾಯುವ ಭರವಸೆ ಇಲ್ಲ.

ಎಡ ಸುತ್ತಿನ ಡ್ರಿಲ್ ಮತ್ತು ಈಜಿ ಔಟ್

ಇವೆರಡನ್ನೂ ಒಂದೇ ಅಂದುಕೊಳ್ಳುವವರು ಹೆಚ್ಚು. ಎಡ ಸುತ್ತಿನ ಬಿಟ್ ಕೊರೆಯುವಾಗಲೇ ಬಿಚ್ಚುವ ದಿಕ್ಕಿಗೆ ಎಳೆಯುತ್ತದೆ. ಬಿಗಿಯುವಾಗ ಮುರಿದ ಸಡಿಲ ತುಂಡು ಎಷ್ಟೋ ಸಲ ಕೊರೆಯುತ್ತಿರುವಾಗಲೇ ಸುತ್ತಿಕೊಂಡು ಹೊರಗೆ ಬರುತ್ತದೆ. ಬರದಿದ್ದರೂ ನಷ್ಟವಿಲ್ಲ, ಮುಂದಿನ ಕೆಲಸಕ್ಕೆ ರಂಧ್ರವಂತೂ ಆಯಿತು. ಡ್ರಿಲ್ ಯಂತ್ರಕ್ಕೆ ರಿವರ್ಸ್ ಇರಬೇಕು, ಬಿಟ್ಟನ್ನು ಹೆಚ್ಚಾಗಿ ಆನ್‌ಲೈನಿನಲ್ಲಿ ತರಿಸಬೇಕು. 3 ಮಿಮೀಯಿಂದ ಶುರು ಮಾಡಿ 5ಕ್ಕೆ ಹೋಗಿ, ನಿಧಾನ ವೇಗ, ಕಟಿಂಗ್ ಆಯಿಲ್.

ಈಜಿ ಔಟ್ ಲೆಕ್ಕವೇ ಕೂಡುವುದಿಲ್ಲ. ತಿರುಚುವ ಬಲವನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಇರುತ್ತದೆ. ಅರ್ಧ ದಪ್ಪದ ಸರಳಿಗೆ ಎಂಟನೇ ಒಂದು ಪಾಲು ಶಕ್ತಿ. 10 ಮಿಮೀ ಸ್ಟಡ್ಡೇ ತಡೆಯದೆ ಮುರಿದ ಕಡೆ 5 ಮಿಮೀ ಈಜಿ ಔಟ್, ಎಷ್ಟೇ ಗಟ್ಟಿ ಉಕ್ಕಿನದಾದರೂ, ಎಷ್ಟು ತಡೆದೀತು? ಮೇಲಾಗಿ ಸುರುಳಿ ಈಜಿ ಔಟ್ ಬೆಣೆಯಂತೆ ಒಳಹೊಕ್ಕು ತುಂಡನ್ನು ಹಿಗ್ಗಿಸಿ ಥ್ರೆಡ್ಡಿಗೆ ಇನ್ನಷ್ಟು ಒತ್ತುತ್ತದೆ. ಅದು ಒಳಗೆ ಮುರಿದರೆ ಮಾಮೂಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಅದನ್ನು ಕೊರೆಯುವುದಿಲ್ಲ. ಕಾರ್ಬೈಡ್ ಬರ್ ಬೇಕು, ಇಲ್ಲವೇ ಸ್ಪಾರ್ಕ್ ಇರೋಷನ್ (ವಿದ್ಯುತ್ ಕಿಡಿಯಿಂದ ಲೋಹ ತಿನ್ನಿಸುವ) ಯಂತ್ರವಿರುವ ಟೂಲ್ ರೂಮಿಗೆ ಬ್ರ್ಯಾಕೆಟ್ ಹೊತ್ತು ಹೈದರಾಬಾದಿನವರೆಗೂ ಹೋಗಬೇಕಾದೀತು. ಸಡಿಲ ತುಂಡಿಗೆ ಮಾತ್ರ, ಕೈಯಿಂದ ಹಗುರವಾಗಿ ತಿರುಗಿಸುವುದಾದರೆ ಬಳಸಿ. ಹಿಡಿಗೆ ಪೈಪು ಹಾಕಬೇಕು ಅನಿಸಿದಾಗಲೇ ಕೈಬಿಡಿ.

ಕೊರೆಯುವ ಯಾವ ವಿಧಾನಕ್ಕೂ ಶತ್ರು ಒಂದೇ: ಮಧ್ಯ ತಪ್ಪುವುದು. ಮುರಿದ ಮುಖ ಓರೆಯಾಗಿರುತ್ತದೆ, ಬಿಟ್ ಜಾರಿ ಮೆತ್ತನೆಯ ಅಲ್ಯೂಮಿನಿಯಂ ಕಡೆ ಓಡುತ್ತದೆ. ಇದಕ್ಕೆ ಒಳ್ಳೆಯ ಉಪಾಯ ಲೇತ್ ಅಂಗಡಿಯಲ್ಲಿದೆ. ಸ್ಟಡ್ ಮೇಲೆ ಕೂಡುವ ಭಾಗದ ರಂಧ್ರ 11 ಮಿಮೀ ಇದ್ದರೆ ಹೊರಗೆ 10.9, ಒಳಗೆ 5 ಮಿಮೀ ಬುಷ್ ಮಾಡಿಸಿ. ಆ ಭಾಗವನ್ನು ಉಳಿದ ಬೋಲ್ಟುಗಳಿಂದ ಜಾಗದಲ್ಲೇ ಕಟ್ಟಿ, ಬುಷ್ ಇಳಿಸಿ, ಅದರೊಳಗಿಂದ ಕೊರೆಯಿರಿ. ಕಪನೂರ ಕೈಗಾರಿಕಾ ಪ್ರದೇಶದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಲೇತಿನವರಿಗೆ ಇದು ಚಿಲ್ಲರೆ ಕೆಲಸ.

ಥ್ರೆಡ್ಡೇ ಹೋಗಿದ್ದರೆ

ರಂಧ್ರವನ್ನು ದೊಡ್ಡದು ಮಾಡಿ ಎಂ12ಕ್ಕೆ ಟ್ಯಾಪ್ ಹೊಡೆಯುವುದು (ಹೊಸ ಥ್ರೆಡ್ ಕೊರೆಯುವುದು) ಎಲ್ಲರಿಗೂ ಗೊತ್ತಿರುವ ದಾರಿ. ಇನ್ನೊಂದು ಹೆಲಿಕಾಯಿಲ್, ಅಂದರೆ ಟ್ಯಾಪ್ ಹೊಡೆದ ರಂಧ್ರದೊಳಗೆ ಕೂಡಿಸುವ ಸುರುಳಿ ತಂತಿಯ ಥ್ರೆಡ್. ಹೆಲಿಕಾಯಿಲ್ ಹಾಕಿದರೆ ರಂಧ್ರದ ಗೋಡೆಯನ್ನು ಕಡಿಮೆ ತಿನ್ನುತ್ತದೆ ಅನ್ನುವ ನಂಬಿಕೆ ಅಷ್ಟು ನಿಜವಲ್ಲ. ಎಂ10×1.25 (1.25 ಮಿಮೀ ಎಂದರೆ ಪಿಚ್, ಎರಡು ಥ್ರೆಡ್ಡಿನ ನಡುವಿನ ಅಂತರ) ಹೆಲಿಕಾಯಿಲ್ಲಿನ ಟ್ಯಾಪ್ ಹೊರವ್ಯಾಸ ಸುಮಾರು 11.6 ಮಿಮೀ, ಎಂ12ದು 12. ಲಾಭ ಇರುವುದು ಬೇರೆ ಕಡೆ: ಸ್ಟಡ್, ನಟ್ಟು, ಮೌಂಟಿಂಗ್ ರಂಧ್ರ ಎಲ್ಲ ಮೂಲ ಅಳತೆಯಲ್ಲೇ ಉಳಿಯುತ್ತವೆ, ಥ್ರೆಡ್ ಸ್ಟೇನ್‌ಲೆಸ್ ಉಕ್ಕಿನದಾಗುತ್ತದೆ. ಎಂ12 ಆದರೆ ಮೌಂಟಿಂಗಿನ ರಂಧ್ರವನ್ನೂ ದೊಡ್ಡದು ಮಾಡಬೇಕು, ಮುಂದಿನ ಮಿಸ್ತ್ರಿಗೆ ಗೊಂದಲ ಬೇರೆ. ಕಿಟ್ ತರಿಸುವಷ್ಟು ಸಮಯವಿದ್ದರೆ ಹೆಲಿಕಾಯಿಲ್ಲೇ ಸರಿ.

ಮೊದಲು ಪಿಚ್ ಗೇಜ್ ಇಟ್ಟು ನೋಡಿ, 1.25 ಮತ್ತು 1.5 ಕಣ್ಣಿಗೆ ಒಂದೇ ಥರ. ಕಿಟ್ಟಿನಲ್ಲಿ ಹೇಳಿದ ಬಿಟ್ಟನ್ನೇ ಬಳಸಿ, ಎಂ10×1.25ಕ್ಕೆ ಸುಮಾರು 10.3 ಮಿಮೀ. ಅಲ್ಯೂಮಿನಿಯಂನಲ್ಲಿ 15 ಮಿಮೀ ಉದ್ದದ ಇನ್ಸರ್ಟ್ ಇರಲಿ. ಮೇಲ್ಮೈಯಿಂದ ಕಾಲಿನಿಂದ ಅರ್ಧ ಸುತ್ತು ಕೆಳಗೆ ನಿಲ್ಲಿಸಿ, ಆಮೇಲೆ ಸುರುಳಿಯ ತಳದಲ್ಲಿರುವ ಬಾಲವನ್ನು (ತಿರುಗಿಸಲು ಹಿಡಿಯುವ ಅಡ್ಡ ತುದಿ) ಮುರಿದು ಹೊರತೆಗೆಯಿರಿ. ಸುತ್ತಲಿನ ಗೋಡೆ ಬಿರುಕು ಬಿಟ್ಟಿದ್ದರೆ ಇದ್ಯಾವುದೂ ಬೇಡ, ಬ್ರ್ಯಾಕೆಟ್ ಬದಲಿಸಿ.

ಹೊಸ ಸ್ಟಡ್

ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ರಾಡಿಗೆ ಥ್ರೆಡ್ ಹಾಕಿಸಿ ಕೊಡುವುದು ಎಲ್ಲೆಡೆ ಇದೆ, ಅದನ್ನು ಒಪ್ಪಬೇಡಿ. 8.8 ದರ್ಜೆಯ ಸ್ಟಡ್ಡಿನ ಎಳೆತದ ಶಕ್ತಿ 800 ಮೆಗಾಪಾಸ್ಕಲ್, ಸಾದಾ ಎಂಎಸ್‌ಗೆ ಅದರ ಅರ್ಧದಷ್ಟು. ರಂಧ್ರದ ತಳದಲ್ಲಿ ಎಣ್ಣೆಯಾಗಲಿ ಚೂರಾಗಲಿ ಉಳಿಯದಂತೆ ಗಾಳಿ ಹೊಡೆಯಿರಿ. ತುಂಬಿದ ಎಣ್ಣೆಯ ಮೇಲೆ ಸ್ಟಡ್ ಇಳಿಸಿದರೆ ಎರಕವೇ ಸೀಳಬಹುದು. ತಳ ಮುಟ್ಟಿಸಿ ಬಿಗಿಯಬೇಡಿ. ಎಲ್ಲ ಮೌಂಟಿಂಗುಗಳ ನಟ್ಟುಗಳನ್ನೂ ಕೈಯಿಂದಷ್ಟೇ ಹಿಡಿಸಿ, ಜಾಕ್ ಇಳಿಸಿ, ಇಂಜಿನ್ನನ್ನು ಅಲುಗಾಡಿಸಿ ಕೂರಲು ಬಿಡಿ. ಆಮೇಲೆ ಟಾರ್ಕ್ ರೆಂಚ್ ಹಿಡಿದು ಆ ಗಾಡಿಯ ಮ್ಯಾನ್ಯುಯಲ್ಲಿನ ಅಂಕಿಗೆ ಬಿಗಿಯಿರಿ. ಆ ಅಂಕಿ ಒಣ ಥ್ರೆಡ್ಡಿಗೆ ಕೊಟ್ಟದ್ದಾದರೆ, ಗ್ರೀಸ್ ಅಥವಾ ಆ್ಯಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಸವರಿದ ಥ್ರೆಡ್ಡಿಗೆ ಅದೇ ಟಾರ್ಕ್ ಕೊಟ್ಟರೆ ಹೊಸ ಸ್ಟಡ್ಡೂ ಅತಿಯಾಗಿ ಎಳೆಯುತ್ತದೆ. ನೈಲಾನ್ ಲಾಕ್ ನಟ್ಟು ಇದ್ದರೆ ಹಳೆಯದನ್ನು ಮತ್ತೆ ಹಾಕಬೇಡಿ.