ಗಾಲ್ಫ್ ಡ್ರೈವ್ ದೂರ ಹೋಗ್ತಿಲ್ಲ ಅಂತ ಹೊಸ ಡ್ರೈವರ್ ತರಲು ಹೊರಟಿದ್ದೀರಾ? ನನ್ನ ಕಥೆ ಕೇಳಿ ಹೋಗಿ

ಇದನ್ನು ಬರೆಯಲು ಸ್ವಲ್ಪ ನಾಚಿಕೆಯೇ ಆಗುತ್ತಿದೆ. ಆದರೂ ಬರೆಯುತ್ತೇನೆ. ಡ್ರೈವರ್ ಅಂದರೆ ಗಾಲ್ಫ್‌ನಲ್ಲಿ ಮೊದಲ ದೂರದ ಹೊಡೆತಕ್ಕೆ, ಅಂದರೆ ಡ್ರೈವ್‌ಗೆ, ಬಳಸುವ ಕ್ಲಬ್. ನಾನು ಬಿದ್ದ ಹಳ್ಳಕ್ಕೇ ಬೀಳಲು ತಯಾರಾಗಿ ನಿಂತವರು ಅಭ್ಯಾಸ ಮಾಡುವ ರೇಂಜಿನಲ್ಲಿ ವಾರಕ್ಕೆ ಇಬ್ಬರಾದರೂ ಕಣ್ಣಿಗೆ ಬೀಳುತ್ತಾರೆ.

ನಾನು ಆಡುವ ಕೋರ್ಸಿನ ನಾಲ್ಕನೇ ಹೋಲ್‌ನಲ್ಲಿ ಬಲಗಡೆ ಒಂದು ಬಂಕರ್, ಅಂದರೆ ಮರಳಿನ ಗುಂಡಿ ಇದೆ. ಮೊದಲ ಹೊಡೆತ ಹೊಡೆಯುವ ಜಾಗದಿಂದ, ಅಂದರೆ ಟೀಯಿಂದ, ಅದರ ಆಚೆ ಅಂಚಿಗೆ 185 ಯಾರ್ಡ್. ಎಷ್ಟೋ ವರ್ಷ ನಾನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ, ಬಾಲ್ ಮೇಲಿಂದ ಹಾರಿ ಹೋಗುತ್ತಿತ್ತು. ಹೋದ ವರ್ಷ ಒಂದು ದಿನ ಅದರೊಳಗೆ ಬಿತ್ತು. ಎದುರುಗಾಳಿ ಇತ್ತು ಅಂದುಕೊಂಡೆ. ಮುಂದಿನ ವಾರವೂ ಬಿತ್ತು. ಮೂರನೇ ವಾರ ಬಂಕರ್ ತನಕವೂ ಹೋಗಲಿಲ್ಲ. ಜೊತೆಗೆ ಆಡುವ ಗೆಳೆಯ "ವಯಸ್ಸಾಯ್ತು ಬಿಡಪ್ಪಾ, ಇನ್ಮೇಲೆ ಹತ್ತಿರದ ಟೀಯಿಂದ ಆಡು" ಅಂದ. ತಮಾಷೆಗೇ ಅಂದಿದ್ದು. ನನಗೆ ಮಾತ್ರ ಚೆನ್ನಾಗಿ ಚುಚ್ಚಿತು.

ಆಮೇಲೆ ಮಾಡಿದ್ದೆಲ್ಲ ತಪ್ಪೇ. ಮೊದಲನೆಯದು, ಜೋರಾಗಿ ಹೊಡೆಯಲು ಶುರು ಮಾಡಿದ್ದು. ಕ್ಲಬ್ಬನ್ನು ಕತ್ತು ಹಿಸುಕುವ ಹಾಗೆ ಹಿಡಿದು, ಭುಜ ಬಳಸಿ ಬೀಸಿದೆ. ಬಾಲ್ ಇನ್ನೂ ಹತ್ತಿರದಲ್ಲೇ ಬಿದ್ದು, ಸಾಲದ್ದಕ್ಕೆ ಬಲಕ್ಕೆ ಬಾಗತೊಡಗಿತು. ಕೈ ಬಿಗಿಯಾದರೆ ಮಣಿಕಟ್ಟು ಆಡುವುದಿಲ್ಲ. ಮಣಿಕಟ್ಟು ಆಡದಿದ್ದರೆ ಕ್ಲಬ್ಬಿನ ತಲೆಗೆ ವೇಗ ಬರುವುದಿಲ್ಲ. ಇದು ಆಗ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಹೊಡೆದೆ.

ಎರಡನೆಯ ತಪ್ಪು, ಸಿಮ್ಯುಲೇಟರ್ ಇಟ್ಟಿದ್ದ ಒಂದು ಅಂಗಡಿಗೆ ಹೋಗಿದ್ದು. ಹೆಸರು ಹೇಳುವುದಿಲ್ಲ, ಬೇಕಾಗಿಯೂ ಇಲ್ಲ. ಹಳೆಯ ಡ್ರೈವರ್‌ನಲ್ಲಿ ಐದಾರು ಹೊಡೆಸಿದರು. ಪರದೆಯ ಮೇಲೆ ಅಂಕಿಗಳು ಬಂದವು. ಕ್ಲಬ್ ವೇಗ ಗಂಟೆಗೆ 90 ಮೈಲಿ, ಬಾಲ್ ಹೊರಡುವ ಕೋನ ಕಡಿಮೆ, ಸ್ಪಿನ್ ನಿಮಿಷಕ್ಕೆ 3,500 ಸುತ್ತಿಗಿಂತ ಜಾಸ್ತಿ. "ನೋಡಿ ಸಾರ್, ಸ್ಪಿನ್ ಜಾಸ್ತಿ ಇದೆ, ಲಾಫ್ಟ್ ಕಮ್ಮಿ ಮಾಡಿದ್ರೆ ಸರಿಹೋಗುತ್ತೆ" ಅಂದರು. ಲಾಫ್ಟ್ ಅಂದರೆ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಕೋನ. ನನ್ನ ಹಳೆಯದು 10.5 ಡಿಗ್ರಿ. ಕೈಗೆ ಕೊಟ್ಟಿದ್ದು 9 ಡಿಗ್ರಿಯದು, ಗಟ್ಟಿ ಶಾಫ್ಟ್ (ಕ್ಲಬ್ಬಿನ ಕೋಲು). ತಲೆಯೂ ಕೋಲೂ ಸೇರುವ ಕುತ್ತಿಗೆಯಲ್ಲಿ ಲಾಫ್ಟ್ ಬದಲಿಸಲೆಂದೇ ಇರುವ ಸ್ಲೀವ್ ತಿರುಗಿಸಿ ಇನ್ನೊಂದು ಡಿಗ್ರಿ ಇಳಿಸಿದರು. ಪರದೆಯ ಮೇಲೆ 228 ಯಾರ್ಡ್ ಬಂತು. ನನ್ನ ಮುಖ ಅರಳಿತು. ಅಲ್ಲೇ ತೆಗೆದುಕೊಂಡೆ.

ಆ 228 ಏನು ಅನ್ನುವುದು ಎರಡು ತಿಂಗಳಾದ ಮೇಲೆ ಗೊತ್ತಾಯಿತು. ಅದು ಕ್ಯಾರಿ (ಬಾಲ್ ಗಾಳಿಯಲ್ಲಿ ಹಾರುವ ದೂರ) ಅಲ್ಲ, ಟೋಟಲ್. ಅಂದರೆ ಬಾಲ್ ಬಿದ್ದ ಮೇಲೆ ಉರುಳುವುದನ್ನೂ ಸೇರಿಸಿದ ದೂರ, ಅದೂ ಒಣಗಿದ ಗಟ್ಟಿ ಫೇರ್‌ವೇ (ಕತ್ತರಿಸಿದ ಹುಲ್ಲಿನ ಹಾದಿ) ಅಂತ ಸೆಟ್ ಮಾಡಿಟ್ಟಿದ್ದು. ಹಳೆಯ ಡ್ರೈವರ್‌ಗೆ ಅವರು ಓದಿ ಹೇಳಿದ್ದು ಮಾತ್ರ ಕ್ಯಾರಿ. ಇಂಥ ಯಂತ್ರಗಳಲ್ಲಿ ಎತ್ತರದ ಜಾಗ, ಬಿಸಿ ಹವೆ, ನೆಲದ ಗಡಸುತನ ಎಲ್ಲವನ್ನೂ ಬೇಕಾದಂತೆ ಇಡಬಹುದು. ಎತ್ತರದಲ್ಲೂ ಬಿಸಿಯಲ್ಲೂ ಗಾಳಿ ತೆಳುವಾಗಿ ಬಾಲ್ ಹೆಚ್ಚು ದೂರ ಹಾರುತ್ತದೆ ಅನ್ನುವುದು ನಿಜವೇ. ಆದರೆ ನಾನು ಆಡುವುದು ಆ ಪರದೆಯೊಳಗೆ ಅಲ್ವಲ್ಲ! ಬೇಕಂತಲೇ ಹಾಗೆ ತೋರಿಸಿದರು ಅಂತ ನಾನು ಹೇಳುತ್ತಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಹೊಸ ಡ್ರೈವರ್ ಹಿಡಿದು ನಾಲ್ಕನೇ ಹೋಲ್‌ಗೆ ಹೋದೆ. ಬಾಲ್ ಮೊಣಕಾಲೆತ್ತರದಲ್ಲಿ ಹೊರಟು, ಬಲಕ್ಕೆ ತಿರುಗಿ, ಬಂಕರಿಗಿಂತ ಇಪ್ಪತ್ತು ಯಾರ್ಡ್ ಹಿಂದೆಯೇ ಸತ್ತಿತು.

ಬಲಕ್ಕೆ ತಿರುಗಲು ಒಂದು ಕಾರಣ ಆ ಸ್ಲೀವೇ. ಲಾಫ್ಟ್ ಇಳಿಸಿದರೆ ಕ್ಲಬ್ಬಿನ ಮುಖ ಸ್ವಲ್ಪ ತೆರೆದುಕೊಳ್ಳುತ್ತದೆ. ಏರಿಸಿದರೆ ಮುಚ್ಚಿಕೊಳ್ಳುತ್ತದೆ. ಮೊದಲೇ ಸ್ಲೈಸ್, ಅಂದರೆ ಬಾಲ್ ಬಲಕ್ಕೆ ಬಾಗುವ ತೊಂದರೆ ಇರುವವನಿಗೆ ಲಾಫ್ಟ್ ಇಳಿಸಿಕೊಡುವುದು ಅಂದರೆ ಜ್ವರ ಬಂದವನಿಗೆ ತಣ್ಣೀರು ಸ್ನಾನ ಮಾಡಿಸಿದ ಹಾಗೆ.

ಮೂರನೆಯ ತಪ್ಪಿಗೆ ಕೊಟ್ಟ ಬೆಲೆಯೇ ದೊಡ್ಡದು. ಹೊಸ ಕ್ಲಬ್ಬಿಗೆ ಒಗ್ಗಿಕೊಳ್ಳಬೇಕು ಅಂತ ರೇಂಜಿನ ಮ್ಯಾಟ್ ಮೇಲೆ ದಿನಕ್ಕೆ ನೂರಿಪ್ಪತ್ತು ಬಾಲ್ ಹೊಡೆದೆ. ಅದೂ ಗಟ್ಟಿ ಶಾಫ್ಟ್, ಬಿಗಿ ಹಿಡಿತ. ಮೂರನೇ ವಾರ ಮೊಣಕೈಯ ಒಳಬದಿಯಲ್ಲಿ ನೋವು ಶುರುವಾಯಿತು. ಡಾಕ್ಟರ್ ಮೊಣಕೈ ಒತ್ತಿ ನೋಡಿ, ಇದಕ್ಕೆ ನಿಮ್ಮ ಆಟದ ಹೆಸರೇ ಇದೆ, ಗಾಲ್ಫರ್ಸ್ ಎಲ್ಬೋ ಅಂತಾರೆ ಅಂದರು. ಆರು ವಾರ ಕ್ಲಬ್ ಮುಟ್ಟುವ ಹಾಗಿಲ್ಲ. ಕಾಫಿ ಲೋಟ ಎತ್ತಿದರೂ ಚುರುಕ್ ಅನ್ನುತ್ತಿತ್ತು.

ಆರು ವಾರ ಕಳೆದ ಮೇಲೆ ಹಳೆಯ ಕೋಚ್ ಒಬ್ಬರ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು. ಅವರು ಸ್ವಿಂಗ್ ನೋಡಲೇ ಇಲ್ಲ. ಚೀಲದಿಂದ ನನ್ನ ಹಳೆಯ ಡ್ರೈವರ್ ತೆಗೆದು ತಿರುಗಿಸಿ ನೋಡಿದರು. ತಲೆಯ ಮೇಲ್ಭಾಗದಲ್ಲಿ, ಮುಖದ ಅಂಚಿಗೆ ತಾಗಿಕೊಂಡು, ಎರಡು ಬಿಳಿ ಗೀರು. "ಇದು ಯಾವಾಗ ಆಗಿದ್ದು?" ಅಂದರು. ಬಂಕರ್ ಕಥೆ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಎರಡು ಮೂರು ಡ್ರೈವ್ ಸೀದಾ ಆಕಾಶಕ್ಕೆ ಎದ್ದು ಮುಂದೆಯೇ ಬಿದ್ದಿದ್ದವು. ಬಾಲ್ ತಲೆಯ ಮೇಲ್ಭಾಗಕ್ಕೆ ಉಜ್ಜಿದ ಗುರುತು ಅದು. "ಆಮೇಲೆ ಟೀ ತಗ್ಗಿಸಿದ್ರಿ ಅಲ್ವಾ?" ಟೀ ಅಂದರೆ ಇಲ್ಲಿ ಬಾಲ್ ಇಡುವ ಪುಟ್ಟ ಗೂಟ. ಹೌದು, ತಗ್ಗಿಸಿದ್ದೆ. ತಗ್ಗಿಸಿದ್ದು ನೆನಪೇ ಇರಲಿಲ್ಲ.

ಆಮೇಲೆ ಅವರು ಕ್ಲಬ್ಬಿನ ಮುಖದ ಮೇಲೆ ಪಾದಕ್ಕೆ ಹಾಕುವ ಪೌಡರ್ ಸ್ಪ್ರೇ ತೆಳ್ಳಗೆ ಹೊಡೆದು, ಹತ್ತು ಬಾಲ್ ಹೊಡೆಯಲು ಹೇಳಿದರು. ಪ್ರತಿ ಹೊಡೆತಕ್ಕೂ ಬಿಳಿ ಪುಡಿಯಲ್ಲಿ ಒಂದು ದುಂಡನೆ ಗುರುತು ಬೀಳುತ್ತದೆ. ಹತ್ತರಲ್ಲಿ ಎಂಟು ಒಂದೇ ಕಡೆ ಗುಂಪು ಕಟ್ಟಿದ್ದವು. ಮುಖದ ಕೆಳಭಾಗ, ಹೀಲ್ ಕಡೆ, ಅಂದರೆ ಕೋಲು ಸೇರುವ ಬದಿ. ನಡುವಿನಲ್ಲಿ ಒಂದೂ ಇಲ್ಲ. ಒಂದು ವರ್ಷದ ಗೋಳು ಅಲ್ಲಿ ಒಂದು ಅಂಗುಲದ ಜಾಗದಲ್ಲಿ ಕೂತಿತ್ತು.

ಅವರು ಲೆಕ್ಕ ಬಿಡಿಸಿ ಹೇಳಿದರು. 90 ಮೈಲಿ ವೇಗದ ಕ್ಲಬ್ ಬಾಲ್‌ನ್ನು ಸರಿಯಾಗಿ ನಡುವಿನಲ್ಲಿ ತಾಗಿಸಿದರೆ ಬಾಲ್ ವೇಗ ಅದರ 1.48ರಷ್ಟು, ಅಂದರೆ 133 ಮೈಲಿ ಬರುತ್ತದೆ. ಡ್ರೈವರ್‌ನಲ್ಲಿ ಈ ಗುಣಾಂಕ 1.5ರ ಆಸುಪಾಸಿಗಿಂತ ಮೇಲೆ ಹೋಗುವುದಿಲ್ಲ. ನನ್ನದು 1.38, ಅಂದರೆ 124 ಮೈಲಿ. ಬಾಲ್ ವೇಗದಲ್ಲಿ ಒಂದು ಮೈಲಿ ಅಂದರೆ ದೂರದಲ್ಲಿ ಸುಮಾರು ಎರಡು ಯಾರ್ಡ್. ಹದಿನೆಂಟು ಯಾರ್ಡ್ ಅಲ್ಲೇ ಹೋಯಿತು. ಅದೇ ಕೆಟ್ಟ ಜಾಗದಲ್ಲಿ ತಾಗಿಸುತ್ತಾ ಬರೀ ಬಲದಿಂದ ಅದನ್ನು ವಾಪಸ್ ಪಡೆಯಬೇಕಾದರೆ ನಾನು 96 ಮೈಲಿಗಿಂತ ಜೋರಾಗಿ ಬೀಸಬೇಕಿತ್ತು. ನನ್ನ ವಯಸ್ಸಿಗೆ ಅದು ಆಗುವ ಮಾತಲ್ಲ, ಮೊಣಕೈ ಆಗಲೇ ಹೇಳಿಬಿಟ್ಟಿತ್ತು.

ಸ್ಪಿನ್ ಕಥೆಯೂ ಅಲ್ಲೇ ಬಿಚ್ಚಿಕೊಂಡಿತು. ಡ್ರೈವರ್‌ನ ಮುಖ ಚಪ್ಪಟೆ ಅಲ್ಲ, ಮೇಲಿಂದ ಕೆಳಕ್ಕೆ ಸ್ವಲ್ಪ ಉಬ್ಬಿದೆ. ಹಾಗಾಗಿ ಕೆಳಭಾಗದಲ್ಲಿ ಲಾಫ್ಟ್ ನಡುವಿಗಿಂತ ಕಡಿಮೆ. ಅಲ್ಲಿ ತಾಗಿದ ಬಾಲ್ ತಗ್ಗಾಗಿ ಹೊರಡುತ್ತದೆ. ಜೊತೆಗೆ, ತೂಕದ ಕೇಂದ್ರಕ್ಕಿಂತ ಕೆಳಗೆ ತಾಗಿದಾಗ ತಲೆ ಮುಂದಕ್ಕೆ ಬಾಗುತ್ತದೆ, ಹಲ್ಲುಚಕ್ರದ ಹಾಗೆ ಬಾಲ್‌ಗೆ ಹಿಮ್ಮುಖ ಸ್ಪಿನ್ ಇನ್ನೂ ಸೇರಿಸುತ್ತದೆ. ತಗ್ಗಾಗಿ ಹೊರಟೂ ಸ್ಪಿನ್ ಜಾಸ್ತಿ ಇದ್ದರೆ ಮೊದಲು ಅನುಮಾನಿಸಬೇಕಾದ್ದು ಲಾಫ್ಟನ್ನಲ್ಲ, ಬಾಲ್ ತಾಗುವ ಜಾಗವನ್ನು. ಅಂಗಡಿಯಲ್ಲಿ ಇದನ್ನೇ ತಿರುಗಾಮುರುಗಾ ಓದಿದ್ದು. ಹೀಲ್ ಕಡೆ ತಾಗಿದ್ದಕ್ಕೆ ಸ್ಲೈಸ್ ಸ್ಪಿನ್ ಬೇರೆ.

ಇನ್ನು ಟೀ ವಿಷಯ. ಬಾಲ್ ಆಕಾಶಕ್ಕೆ ಎದ್ದಿದ್ದು ಟೀ ಎತ್ತರ ಇದ್ದಿದ್ದಕ್ಕಲ್ಲ, ನಾನು ಮೇಲಿಂದ ಕಡಿದಾಗಿ ಇಳಿಯುತ್ತಿದ್ದುದಕ್ಕೆ. ಟೀ ತಗ್ಗಿಸಿದೆ, ಆಗ ಬಾಲ್ ಮುಟ್ಟಲು ಇನ್ನೂ ಕಡಿದಾಗಿ ಇಳಿಯಬೇಕಾಯಿತು. ಬಾಲ್ ಇಡುವ ಜಾಗವೂ ತಾನಾಗೇ ಹಿಂದಕ್ಕೆ ಸರಿಯಿತು. ದೂರ ಕಡಿಮೆಯಾಯಿತು, ಜೋರಾಗಿ ಬೀಸಿದೆ, ಭುಜ ಮುಂದೆ ನುಗ್ಗಿತು, ಕ್ಲಬ್ ಇನ್ನೂ ಕಡಿದಾಗಿ ಇಳಿಯಿತು. ಗಾಣದ ಎತ್ತಿನ ಹಾಗೆ ಸುಮ್ನೆ ಸುತ್ತುತ್ತಿದ್ದೆ.

ಅಮೆರಿಕದ ಮಹಿಳಾ ಪ್ರೊಫೆಷನಲ್ ಟೂರ್‌ನ ಸರಾಸರಿ ಕ್ಲಬ್ ವೇಗ ಸುಮಾರು 94ರಿಂದ 96 ಮೈಲಿ. ನನಗಿಂತ ನಾಲ್ಕಾರು ಮೈಲಿ ಅಷ್ಟೇ ಜಾಸ್ತಿ. ಆದರೆ ಅವರ ಕ್ಯಾರಿ ಸುಮಾರು 220 ಯಾರ್ಡ್. ಅವರು ನಡುವಿನಲ್ಲಿ ತಾಗಿಸುತ್ತಾರೆ, ಕ್ಲಬ್ ಮೇಲೇರುವಾಗ ತಾಗಿಸುತ್ತಾರೆ. ಈ ಅಂಕಿ ಕೇಳಿದ ಮೇಲೆ ಬಲದ ಬಗ್ಗೆ ಮಾತಾಡುವುದನ್ನು ಬಿಟ್ಟೆ.

ಸರಿಪಡಿಸಲು ಎರಡು ತಿಂಗಳು ಹಿಡಿಯಿತು. ಬಲಗೈ ಆಟಗಾರನ ಲೆಕ್ಕದಲ್ಲಿ ಹೇಳುತ್ತೇನೆ. ಟೀ ಎತ್ತರ ಹೇಗಿರಬೇಕು ಅಂದರೆ, ಕ್ಲಬ್ ನೆಲಕ್ಕೆ ಇಟ್ಟಾಗ ಅರ್ಧ ಬಾಲ್ ತಲೆಯ ಮೇಲಂಚಿಗಿಂತ ಮೇಲೆ ಕಾಣಬೇಕು. ಬಾಲ್ ಎಡ ಹಿಮ್ಮಡಿಯ ಒಳಬದಿಗೆ ನೇರ. ಬಲ ಭುಜ ಎಡಕ್ಕಿಂತ ಚೂರು ತಗ್ಗು. ಬಾಲ್‌ನ ಮುಂದೆ ಗುರಿಯ ಕಡೆಗೆ ಸುಮಾರು ಒಂದಡಿ ದೂರದಲ್ಲಿ, ಹೊಸ ಬಾಲ್ ಹಾಕಿ ಮಾರುವ ಪೆಟ್ಟಿಗೆಯನ್ನು ಖಾಲಿ ಮಾಡಿ ಇಟ್ಟು, ಅದಕ್ಕೆ ತಾಗದ ಹಾಗೆ ಬೀಸುವ ಅಭ್ಯಾಸ ಮಾಡಿದೆ. ಮೊದಲ ದಿನ ನಾಲ್ಕು ಪೆಟ್ಟಿಗೆ ಚಿಂದಿಯಾದವು. ಹೀಲ್ ಬಿಡಿಸಲು ಇನ್ನೊಂದು ಉಪಾಯ ಇದೆ. ಬಾಲ್‌ನಿಂದ ಆಚೆಗೆ, ನನ್ನಿಂದ ದೂರದ ಬದಿಯಲ್ಲಿ, ಎರಡು ಬೆರಳು ಬಿಟ್ಟು ಇನ್ನೊಂದು ಖಾಲಿ ಟೀ ನೆಡುವುದು, ಅದನ್ನು ಬೀಳಿಸದೆ ಬಾಲ್ ಮಾತ್ರ ಹೊಡೆಯುವುದು. ಅಭ್ಯಾಸವೆಲ್ಲ ಮುಕ್ಕಾಲು ವೇಗದಲ್ಲಿ, ದಿನಕ್ಕೆ ಮೂವತ್ತು ಬಾಲ್, ಅಷ್ಟೇ.

ಗ್ರಿಪ್ ಕೂಡ ಸವೆದು ಗಾಜಿನ ಹಾಗೆ ನುಣುಪಾಗಿತ್ತು. ಜಾರುತ್ತದೆ ಅಂತಲೇ ಕೈ ಗೊತ್ತಿಲ್ಲದೆ ಬಿಗಿಯುತ್ತಿತ್ತು. ಹೊಸ ಗ್ರಿಪ್ ಹಾಕಿಸಿದೆ. ಇಡೀ ಕಥೆಯಲ್ಲಿ ನಾನು ಮಾಡಿದ ಬುದ್ಧಿವಂತ ಖರ್ಚು ಅದೊಂದೇ.

ಎಲ್ಲರ ತೊಂದರೆಯೂ ನನ್ನದೇ ಆಗಿರಬೇಕಿಲ್ಲ. ಚಳಿ ದಿನಗಳಲ್ಲಿ ಗಾಳಿ ದಪ್ಪ, ಬಾಲ್ ಗಡಸು. ಮಳೆ ಬಿದ್ದ ಫೇರ್‌ವೇನಲ್ಲಿ ಬಾಲ್ ಉರುಳುವುದೇ ಇಲ್ಲ. ಸವೆದ ರೇಂಜ್ ಬಾಲ್‌ಗಳು ದೂರ ಹೋಗುವುದಿಲ್ಲ, ಅವುಗಳಿಂದ ದೂರ ಅಳೆಯಲೇಬೇಡಿ. ಕ್ಲಬ್ಬಿನ ಸದ್ದು ಇದ್ದಕ್ಕಿದ್ದ ಹಾಗೆ ಮಂಕಾದರೆ ಮುಖದಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಹಾಗೇನಾದರೂ ಇದ್ದರೆ ಮಾತ್ರ ಹೊಸದು ಬೇಕೇ ಬೇಕು.

ಉಳಿದಂತೆ, "ಈ ವರ್ಷದ ಮಾಡೆಲ್ ಹದಿನೈದು ಯಾರ್ಡ್ ಜಾಸ್ತಿ" ಅನ್ನುವ ಮಾತಿಗೆ ಬೀಳಬೇಡಿ. ಗಾಲ್ಫ್ ನಿಯಮ ರೂಪಿಸುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸಂಸ್ಥೆಗಳ ನಿಯಮಗಳಲ್ಲಿ ಡ್ರೈವರ್ ಮುಖ ಸ್ಪ್ರಿಂಗ್ ಹಾಗೆ ಚಿಮ್ಮಿಸುವುದಕ್ಕೆ ಮಿತಿ ಇದೆ. ತಲೆಯ ಗಾತ್ರ 460 ಸಿಸಿ ಮೀರುವ ಹಾಗಿಲ್ಲ, ಉದ್ದ 48 ಇಂಚು ಮೀರುವ ಹಾಗಿಲ್ಲ. ಪ್ರತಿ ವರ್ಷ ಹದಿನೈದು ಸೇರುತ್ತಾ ಹೋಗಿದ್ದರೆ ನಾವೆಲ್ಲ ಇಷ್ಟು ಹೊತ್ತಿಗೆ ಪಕ್ಕದ ಕೋರ್ಸಿಗೆ ಹೊಡೆಯುತ್ತಿದ್ದೆವು. ಹೊಸದರಲ್ಲಿ ಲಾಭ ಇಲ್ಲ ಅಂತಲ್ಲ. ನಡು ತಪ್ಪಿದ ಹೊಡೆತವನ್ನು ಅವು ಚೆನ್ನಾಗಿ ತಾಳಿಕೊಳ್ಳುತ್ತವೆ. ಕೊಳ್ಳುವುದೇ ಆದರೆ ಪರದೆಯ ಮುಂದೆ ಇಷ್ಟು ಕೇಳಿ: ಇದು ಕ್ಯಾರಿಯಾ ಟೋಟಲಾ, ಜಾಗದ ಎತ್ತರ ಎಷ್ಟು ಇಟ್ಟಿದ್ದೀರಿ, ಹಳೆಯದಕ್ಕೂ ಅದೇ ಸೆಟ್ಟಿಂಗ್ ಇತ್ತಾ. ಮುಖಕ್ಕೆ ಪುಡಿ ಹೊಡೆಯಲು ಬಿಡಿ ಅನ್ನಿ. ಮುಖ ಸಿಂಡರಿಸಿದರೆ ಎದ್ದು ಬನ್ನಿ. ಮನೆಯಲ್ಲಿ ಪುಡಿ ಇಲ್ಲದಿದ್ದರೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಬಾಲ್ ಮೇಲೆ ದಪ್ಪ ಚುಕ್ಕೆ ಇಟ್ಟು, ಆ ಚುಕ್ಕೆ ಕ್ಲಬ್ ಕಡೆಗೆ ಇರುವ ಹಾಗೆ ಟೀ ಮೇಲೆ ಇಡಿ. ಹೊಡೆದ ಮೇಲೆ ಅದು ಮುಖಕ್ಕೆ ಅಂಟಿರುತ್ತದೆ.

ಈಗ ನಾನು ಆಡುತ್ತಿರುವುದು ಹಳೆಯ 10.5ರಲ್ಲೇ. ಕ್ಲಬ್ ವೇಗ ಅದೇ 90, ಕ್ಯಾರಿ 195ರ ಹತ್ತಿರ. ಹೊಸ ಡ್ರೈವರ್‌ನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಬಾಗಿಲ ಹಿಂದೆ ನಿಂತಿದೆ, ತಲೆಗೆ ಹಾಕಿದ ಉಣ್ಣೆಯ ಕವರ್ ಸಮೇತ. ಹೋದ ಶನಿವಾರ ನಾಲ್ಕನೇ ಹೋಲ್‌ನಲ್ಲಿ ನನ್ನ ಗೆಳೆಯನ ಬಾಲ್ ಆ ಬಂಕರಿಗೆ ಬಿತ್ತು. "ನಿಂದು ಆ ಹೊಸದು ಸುಮ್ನೆ ಬಿದ್ದಿದೆಯಲ್ಲ, ಕೊಡೋ ಒಂದ್ಸಲ" ಅಂದ. ಮಾರ್ಕರ್ ಕೊಟ್ಟೆ.